ಮೇಲೆ ನೋಡುವ ಮೊದಲು ಮರದ ಬುಡ ನೋಡಿ

ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ಗೆ ಬಂದ ಹೊಸದರಲ್ಲಿ ಎರಡು ತಿಂಗಳು ನಾನು ಬಿಳಿ ಬಾಲದ ಕಪ್ಪು ಕಾಕಟೂ ಎಂಬ ದೊಡ್ಡ ಗಿಳಿಯ ಗಂಡು ಹೆಣ್ಣನ್ನೇ ಎರಡು ಜಾತಿ ಅಂತ ಬರೆದುಕೊಂಡಿದ್ದೆ. ಕಪ್ಪು ಕೊಕ್ಕು ಇದ್ದರೆ ಬೋಡಿನ್ ಕಾಕಟೂ, ಬಿಳಿ ಕೊಕ್ಕು ಇದ್ದರೆ ಕಾರ್ನಬಿ ಕಾಕಟೂ. ಪೂರ್ತಿ ತಪ್ಪು. ಎರಡು ಜಾತಿಯಲ್ಲೂ ಗಂಡಿನ ಕೊಕ್ಕು ಕಪ್ಪು, ಕಣ್ಣಿನ ಸುತ್ತ ಗುಲಾಬಿ ಉಂಗುರ. ಹೆಣ್ಣಿನ ಕೊಕ್ಕು ಮಾಸಲು ಬಿಳಿ, ಉಂಗುರ ಬೂದು.

ಇಲ್ಲಿನ ಮೂರನೆಯ ಕಪ್ಪು ಕಾಕಟೂಗೆ ಬಾಲದಲ್ಲಿ ಕೆಂಪು ಇರುತ್ತದೆ. ಇಲ್ಲಿನ ಮೂಲನಿವಾಸಿಗಳಾದ ನೂಂಗಾರ್ ಜನ ಅದನ್ನು ಕರಾಕ್ ಅನ್ನುತ್ತಾರೆ. ಕೂಗೂ ಹಾಗೇ ಇದೆ, ಗುರುತಿಗೆ ಕಷ್ಟವಿಲ್ಲ. ತಲೆ ಕೆಡಿಸುವುದು ಬಿಳಿ ಬಾಲದ ಈ ಎರಡು. ಮೈ ಕಪ್ಪು, ಕೆನ್ನೆಯಲ್ಲಿ ಬಿಳಿ ಮಚ್ಚೆ, ಗಾತ್ರ ಹೆಚ್ಚು ಕಡಿಮೆ ಒಂದೇ. ಮೊದಲು ಎಲ್ಲರೂ ಒಂದೇ ಹಕ್ಕಿ ಅಂದುಕೊಂಡಿದ್ದರು. 1948ರಲ್ಲಿ ಐವನ್ ಕಾರ್ನಬಿ ಅವರು ಗಿಡ್ಡ ಕೊಕ್ಕಿನದು ಬೇರೆ ಬಗೆ ಅಂತ ಗುರುತಿಸಿ ಬರೆದರು.

ಬೋಡಿನ್‌ನ ಮೇಲ್ಗೊಕ್ಕು ಉದ್ದ, ಸಪೂರ. ಕಾರ್ನಬಿಯದ್ದು ಗಿಡ್ಡ, ಅಗಲ. ಪುಸ್ತಕದಲ್ಲಿ ಓದುವಾಗ ಇದು ಸುಲಭ. ಆದರೆ ಹಕ್ಕಿ ಮರದ ತುದಿಯಲ್ಲಿ, ಎಲೆಯೊಳಗೆ ಮುಖ ಹುದುಗಿಸಿ ಕೂತಿರುತ್ತದೆ. ಹಿಂದೆ ಬೆಳ್ಳನೆಯ ಆಕಾಶ. ಬೈನಾಕ್ಯುಲರ್‌ನಲ್ಲಿ ಕಾಣುವುದು ಬರೀ ಕರೀ ಆಕಾರ. ಪರ್ತ್ ಪಕ್ಕದ ಬೆಟ್ಟದಲ್ಲಿರುವ ಕಲಮುಂಡದ ಕಾಡಿನಲ್ಲಿ ಒಂದು ದಿನ ನಾನು ಹೀಗೇ ಕತ್ತೆತ್ತಿ ಪರದಾಡುತ್ತಿದ್ದಾಗ, ಜೊತೆಗಿದ್ದ ಹಿರಿಯರೊಬ್ಬರು ಬಗ್ಗಿ ನೆಲದಿಂದ ಎರಡು ಕಾಯಿ ಎತ್ತಿ ನನ್ನ ಅಂಗೈಗೆ ಹಾಕಿದರು.

ಅದು ನೀಲಗಿರಿಯ ಬಳಗದ ಮ್ಯಾರಿ ಮರದ ಕಾಯಿ. ಗಟ್ಟಿ ಮರದ ಪುಟ್ಟ ಚೊಂಬು ಅಂದುಕೊಳ್ಳಿ, ಕಂಠವೂ ಇದೆ, ಬಾಯೂ ಇದೆ. ಬೀಜ ಒಳಗೆ. ಬೋಡಿನ್ ತನ್ನ ಉದ್ದ ಕೊಕ್ಕನ್ನು ಚೊಂಬಿನ ಬಾಯೊಳಗೆ ಇಳಿಸಿ ಬೀಜ ಕಿತ್ತು ತೆಗೆಯುತ್ತದೆ. ಬಾಯಂಚು ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ, ಹೊರಗೆ ಕೆಳಗೊಕ್ಕು ಒತ್ತಿದ ಕಡೆ ಮಾತ್ರ ಗೀರು. ಕಾರ್ನಬಿಗೆ ಅಷ್ಟು ಆಳ ಎಟುಕುವುದಿಲ್ಲ. ಅದು ಬಾಯಂಚನ್ನೇ ಕಚ್ಚಿ ಕಚ್ಚಿ ಹರಿದು ಹಾಕುತ್ತದೆ. ಕರಾಕ್ ಚೊಂಬನ್ನು ಅಡ್ಡಕ್ಕೆ ಕೊರೆದು ಮೇಲ್ಭಾಗವನ್ನೇ ತೆಗೆದುಬಿಡುತ್ತದೆ. ಬೆರಳಿನಿಂದ ಅಂಚು ಸವರಿದರೆ ಕಣ್ಣು ಮುಚ್ಚಿಕೊಂಡೂ ಬಹಳಷ್ಟು ಸಲ ಹೇಳಬಹುದು.

ಒಂದು ಎಚ್ಚರ ಬೇಕು. ಕೆಂಪು ನೆತ್ತಿಯ ಒಂದು ಗಿಳಿಗೂ ಉದ್ದ ಕೊಕ್ಕಿದೆ, ಅದೂ ಕಾಯಿಯನ್ನು ಜಾಸ್ತಿ ಹಾಳು ಮಾಡದೆ ಬೀಜ ತಿನ್ನುತ್ತದೆ. ಅದರ ಗೀರು ಸಣ್ಣದು, ತೆಳ್ಳಗಿರುತ್ತದೆ. ಇನ್ನೊಂದು, ಬೂದು ಬಣ್ಣಕ್ಕೆ ತಿರುಗಿದ ಹಳೇ ಕಾಯಿ ನಂಬಬೇಡಿ. ಕಚ್ಚಿದ ಜಾಗ ಇನ್ನೂ ಹಸಿ ಇದ್ದರೆ ಮಾತ್ರ ಇವತ್ತು ಮೇಲೆ ಕೂತಿರುವ ಹಕ್ಕಿಗೆ ಅದನ್ನು ಜೋಡಿಸಬಹುದು.

ಕೂಗಿನಿಂದಲೂ ಗೊತ್ತಾಗುತ್ತದೆ, ಆದರೆ ಕಿವಿ ಪಳಗಲು ನನಗೆ ವರ್ಷಗಳೇ ಬೇಕಾದವು. ಕಾರ್ನಬಿ ‘ವೀ...ಲೂ’ ಅಂತ ಎಳೆಯುತ್ತದೆ, ಬೋಡಿನ್‌ದು ಅದಕ್ಕಿಂತ ಗಿಡ್ಡ. ಪೈನ್ ಕಾಯಿ ಸುಲಿಯುತ್ತಿರುವ ದೊಡ್ಡ ಹಿಂಡು ಕಂಡರೆ ನಾನು ಮೊದಲು ಕಾರ್ನಬಿ ಅಂದುಕೊಳ್ಳುತ್ತೇನೆ.

ಚಳಿಗಾಲದ ಹೊತ್ತಿಗೆ ಬೆಟ್ಟದಲ್ಲಿ ಎರಡೂ ಸಿಗುತ್ತವೆ, ಒಂದೇ ಹಿಂಡಿನಲ್ಲೂ ಇರುತ್ತವೆ. ಅದಕ್ಕೇ ಒಂದು ಹಕ್ಕಿಯ ಗುರುತು ಸಿಕ್ಕಿತು ಅಂತ ಇಡೀ ಹಿಂಡಿಗೆ ಅದೇ ಹೆಸರು ಬರೆಯುವುದನ್ನು ಬಿಟ್ಟಿದ್ದೇನೆ. ಖಾತ್ರಿ ಇಲ್ಲದಿದ್ದರೆ ‘ಬಿಳಿ ಬಾಲದ್ದು’ ಅಂತಷ್ಟೇ ಬರೆಯುತ್ತೇನೆ. ಬೋಡಿನ್ ಈಗ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿಗೆ ಬಂದಿರುವ ಹಕ್ಕಿ. ಕಾರ್ನಬಿಗಳನ್ನೆಲ್ಲ ಬೋಡಿನ್ ಅಂತ ಬರೆದರೆ ಇಲ್ಲದ ಹಕ್ಕಿ ಲೆಕ್ಕಕ್ಕೆ ಬರುತ್ತದೆ. ಅದನ್ನು ನೆನೆದರೇ ನನಗೆ ಸಂಕಟವಾಗುತ್ತದೆ.

ಹೋದ ಜೂನ್‌ನಲ್ಲಿ ಅದೇ ಕಾಡಿನ ಒಂದು ಮ್ಯಾರಿ ಮರದಲ್ಲಿ ಹದಿನಾಲ್ಕು ಹಕ್ಕಿ ಇದ್ದವು. ಮೂರರ ಕೊಕ್ಕು ಮಾತ್ರ ಚೆನ್ನಾಗಿ ಕಂಡಿತು, ಮೂರೂ ಬೋಡಿನ್. ಅವು ಹಾರಿಹೋದ ಮೇಲೆ ಬುಡದಲ್ಲಿ ಹಸಿ ಕಾಯಿ ಆರಿಸಿದೆ. ಇಪ್ಪತ್ತೆರಡರ ಅಂಚು ನೆಟ್ಟಗಿತ್ತು. ಐದರದ್ದು ಹರಿದಿತ್ತು. ಪುಸ್ತಕ ತೆಗೆದು ಬರೆದೆ: ಬೋಡಿನ್ ಮೂರು, ಬಿಳಿ ಬಾಲದ್ದು ಹನ್ನೊಂದು, ಕಾರ್ನಬಿಯೂ ಇರಬಹುದು. ಹರಿದ ಐದು ಕಾಯಿಯನ್ನು ಜೇಬಿಗೆ ಹಾಕಿಕೊಂಡೆ.