ಹೆಸರಿಲ್ಲದ ಕವರು, ಬಡ್ಡಿಯಿಲ್ಲದ ಕೈಸಾಲ: ನನ್ನ ಅನುಭವ

ಈಚೆಗೆ ಎರಡು ಮೂರು ಸಭೆಗಳವರು, ಅಂದರೆ ಚರ್ಚುಗಳವರು, ಬಂದು ನಮ್ಮ ಕೈಸಾಲದ ಪೆಟ್ಟಿಗೆ ಹೇಗೆ ನಡೆಯುತ್ತದೆ ಅಂತ ಕೇಳಿಕೊಂಡು ಹೋದರು. ಇದೇ ಪೆಟ್ಟಿಗೆಯ ಮಾತು ಮೊದಲು ಎತ್ತಿದಾಗ ನಮ್ಮ ಹಿರಿಯರ ಕೂಟದಲ್ಲಿ ನಗು ಎದ್ದಿತ್ತು. "ಯಾರು ಕಟ್ಟಿದರು ಅಂತ ಬರೆದುಕೊಳ್ಳದೆ ಕೊಟ್ಟ ಸಾಲ ವಾಪಸ್ ಬರುತ್ತದೆಯೇನಪ್ಪಾ?" ಅಂತ ಒಬ್ಬರು ಕೇಳಿದರು. "ಅದರ ಬದಲು ದಾನ ಅಂತಲೇ ಬರೆದು ಕೈತೊಳೆದುಕೊಳ್ಳಿ" ಅಂದರು ಇನ್ನೊಬ್ಬರು. ಸಾಲ ವಾಪಸ್ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಇದು ಸಭೆಯ ದೀನ ನಿಧಿ, ಅಂದರೆ ಬಡವರಿಗೆ ನೆರವಾಗುವ ನಿಧಿ, ನಡೆಸಿ ಕೈ ಸುಟ್ಟುಕೊಂಡವರಿಗೆ. ಕೆಲಸವಿಲ್ಲದ ನಂಬಿಕೆ ಸತ್ತದ್ದು ಅನ್ನುವ ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯ, ಹಸಿದವನಿಗೆ ಊಟ ಕೊಟ್ಟದ್ದು ನನಗೇ ಕೊಟ್ಟ ಹಾಗೆ ಅಂತ ಯೇಸು ಹೇಳುವ ಮತ್ತಾಯ 25, ಇವನ್ನೆಲ್ಲ ನಿಮಗೆ ಮತ್ತೆ ಓದಿ ಹೇಳಬೇಕಾಗಿಲ್ಲ. ಒಳ್ಳೆಯ ಕೆಲಸದಿಂದ ರಕ್ಷಣೆ ಸಿಗುವುದಿಲ್ಲ, ಎಫೆಸ 2:8 ನೋಡಿ ಅನ್ನುವವರು ನಿಮ್ಮಲ್ಲೂ ಇರುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ, ಇನ್ನೆರಡು ವಚನ ಮುಂದಕ್ಕೆ ಓದಿ, ಒಳ್ಳೆಯ ಕೆಲಸಕ್ಕಾಗಿಯೇ ನಮ್ಮನ್ನು ಸೃಷ್ಟಿಸಿದ್ದು ಅಂತ ಅಲ್ಲಿದೆ. ವಾದ ಅಲ್ಲಿಗೆ ಸಾಕು. ಹಣದ ವಿಷಯಕ್ಕೆ ಬರೋಣ.

ಶುರು ಮಾಡಿದ್ದು ಆರೇಳು ಮನೆಯವರು. ದಶಮಾಂಶಕ್ಕೆ, ಅಂದರೆ ಸಭೆಗೆ ಕೊಡುವ ಆದಾಯದ ಹತ್ತನೆಯ ಒಂದು ಪಾಲಿಗೆ, ಕೈ ಹಾಕಿದರೆ ಕಮಿಟಿ ಬಿಡುವುದಿಲ್ಲ ಅಂತ ಗೊತ್ತಿತ್ತು, ಹಾಗಾಗಿ ಅದರ ಮೇಲೆ ಒಂದಿಷ್ಟು ಬೇರೆ ತೆಗೆದಿಟ್ಟೆವು. ಅಪೊಸ್ತಲ ಪೌಲನು ಕೊರಿಂಥ ಊರಿನ ಸಭೆಯವರಿಗೆ ಹೇಳಿದ ಹಾಗೆ ವಾರದ ಮೊದಲನೆಯ ದಿನ ಅವರವರ ಮನೆಯಲ್ಲೇ ಎತ್ತಿಡುವುದು. ಕೂಡಿದ್ದು ಸಾಧಾರಣ ನೌಕರನೊಬ್ಬನ ನಾಲ್ಕು ತಿಂಗಳ ಸಂಬಳದಷ್ಟು ಇರಬಹುದು. ದೊಡ್ಡ ಮೊತ್ತವೇನಲ್ಲ. ಮೊದಲು ಅದನ್ನು ಉಚಿತವಾಗಿಯೇ ಹಂಚಿದೆವು. ಅರ್ಧ ವರ್ಷ ತುಂಬುವ ಮೊದಲೇ ಡಬ್ಬಿ ಖಾಲಿ. ಖಾಲಿಯಾದದ್ದಕ್ಕೆ ನನಗೆ ಬೇಸರವಿಲ್ಲ, ಕೊಡುವುದಕ್ಕೇ ಇಟ್ಟ ದುಡ್ಡು ಅಲ್ವಾ. ಆದರೆ ಯಾರು ಬಂದರು ಅಂತ ನೋಡಿದರೆ ಅದೇ ನಾಲ್ಕೈದು ಮನೆಯವರು, ತಿರುಗಿ ತಿರುಗಿ. ನಿಜವಾಗಿ ಕಷ್ಟದಲ್ಲಿದ್ದವರು ಬರಲೇ ಇಲ್ಲ. ದುಡಿದು ತಿನ್ನುವ ಮನುಷ್ಯ ದಾನ ಕೇಳುವುದಿಲ್ಲ. ಕೈಸಾಲ ಕೇಳುತ್ತಾನೆ. ನಾವು ಕೊಡದಿದ್ದರೆ ಬಡ್ಡಿಯವರ ಹತ್ತಿರ ಹೋಗಿ ಕೇಳುತ್ತಾನೆ.

ಸರಿ, ಸಾಲ ಕೊಡೋಣ ಅಂದುಕೊಂಡೆವು. ಬಡ್ಡಿ ಇಲ್ಲ. ಒಂದು ಪುಸ್ತಕ, ಹೆಸರು, ಮೊತ್ತ, ಸಹಿ, ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಖಜಾಂಚಿಯ ಕೈಗೆ ಕಂತು. ನೋಡಲು ಬಹಳ ಶಿಸ್ತಿನ ವ್ಯವಸ್ಥೆ. ವರ್ಷದ ಕೊನೆಗೆ ಅರ್ಧದಷ್ಟು ವಾಪಸ್ ಬಂದಿತ್ತು, ಅರ್ಧ ಹೋಗಿತ್ತು. ಹೋದದ್ದು ಬರೀ ದುಡ್ಡಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಒಬ್ಬರು ಯಾವಾಗಲೂ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವರು, ಒಂದು ಕಂತು ತಪ್ಪಿದ ಮೇಲೆ ಹಿಂದಿನ ಸಾಲಿಗೆ ಹೋದರು, ಆಮೇಲೆ ಕಡೆಯ ಆಶೀರ್ವಾದಕ್ಕೆ ಮುಂಚೆಯೇ ಎದ್ದು ಹೋಗತೊಡಗಿದರು, ಆಮೇಲೆ ಬರುವುದನ್ನೇ ಬಿಟ್ಟರು. ಖಜಾಂಚಿ ಒಂದು ಮಾತೂ ಆಡಿರಲಿಲ್ಲ. ಬಾಗಿಲ ಹತ್ತಿರ ಪುಸ್ತಕ ಹಿಡಿದು ನಿಂತಿದ್ದರು, ಅಷ್ಟೇ. ಸಾಲ ತೆಗೆದುಕೊಂಡವರಲ್ಲಿ ಮೂರರಲ್ಲಿ ಒಬ್ಬರು ಹೀಗೆ ಮಾಯವಾದರು. ಒಳ್ಳೆಯ ಕೆಲಸ ಮಾಡಲು ಹೋಗಿ ಜನರನ್ನು ಸಭೆಯಿಂದ ಓಡಿಸಿದ ಹಾಗಾಯಿತು.

ಜಾಮೀನು ಇರಲಿ ಅಂದರು ಕಮಿಟಿಯವರು. ಇಟ್ಟು ನೋಡಿದೆವು. ಸಾಲಗಾರನ ಜೊತೆ ಜಾಮೀನು ನಿಂತವನೂ ಬರುವುದನ್ನು ನಿಲ್ಲಿಸಿದ. ಒಬ್ಬರ ಜಾಗಕ್ಕೆ ಇಬ್ಬರನ್ನು ಕಳೆದುಕೊಂಡೆವು.

ನಡುವೆ ಒಂದು ಅಡ್ಡ ಪ್ರಯೋಗ. ನಮ್ಮಲ್ಲಿ ಚರಿತ್ರೆ ಓದುವ ಹುಚ್ಚಿನವರೊಬ್ಬರಿದ್ದಾರೆ. ಇಟಲಿಯ ಪೆರೂಜಾದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು 1462ರಲ್ಲಿ ಬಡವರಿಗಾಗಿ ಗಿರವಿ ಸಾಲದ ನಿಧಿ ತೆರೆದಿದ್ದರಂತೆ, ವಸ್ತು ಇಟ್ಟುಕೊಂಡು ಕಡಿಮೆ ದರಕ್ಕೆ ಸಾಲ. ಖರ್ಚಿಗೆ ಅಂತ ಸ್ವಲ್ಪ ಬಡ್ಡಿ ತೆಗೆದುಕೊಂಡದ್ದಕ್ಕೆ ಬೇರೆ ಸನ್ಯಾಸಿಗಳು ದೊಡ್ಡ ಜಗಳ ತೆಗೆದರು. ಕೊನೆಗೆ 1515ರಲ್ಲಿ ರೋಮಿನಲ್ಲಿ ಸೇರಿದ್ದ ಕಥೋಲಿಕರ ಲ್ಯಾಟರನ್ ಮಹಾಸಭೆ ಅದು ತಪ್ಪಲ್ಲ ಅಂತ ತೀರ್ಮಾನಿಸಬೇಕಾಯಿತು. ನಾವೂ ಮಾಡೋಣ ಅಂತ ಇವರು ಹಟ ಹಿಡಿದರು, ಬಡ್ಡಿ ಬಿಟ್ಟು. ಮೊದಲು ಬಂದ ವಸ್ತುವೇ ಹೊಲಿಗೆ ಯಂತ್ರ. ಅದನ್ನು ಇಟ್ಟುಕೊಂಡರೆ ಆ ಹೆಂಗಸು ಸಾಲ ತೀರಿಸುವುದು ಯಾವುದರಿಂದ? ವಿಮೋಚನಕಾಂಡ 22ರಲ್ಲಿ ಒತ್ತೆ ಇಟ್ಟ ಹೊದಿಕೆಯನ್ನು ಹೊತ್ತು ಮುಳುಗುವುದರೊಳಗೆ ವಾಪಸ್ ಕೊಡಿ ಅಂತ ಇದೆ, ರಾತ್ರಿ ಹೊದೆಯಲು ಅದೊಂದೇ ಅಲ್ವಾ ಇರುವುದು. ಯಂತ್ರವನ್ನು ಅದೇ ದಿನ ಸಂಜೆ ಹೊತ್ತು ತಂದುಕೊಟ್ಟೆವು. ಗಿರವಿಯ ಕಥೆ ಅಲ್ಲಿಗೆ ಮುಗಿಯಿತು. ಸಾಲ ಮಾತ್ರ ಪೂರಾ ತೀರಿತು, ಅದು ಬೇರೆ ಮಾತು.

ಕವರಿನ ಉಪಾಯ ಬಂದದ್ದು ಅದಾದ ಮೇಲೆ. ದುಡ್ಡು ತಡೆಯುತ್ತಿದ್ದದ್ದು ಬಡತನವಲ್ಲ, ನಾಚಿಕೆ ಅಂತ ನನಗೆ ಅನ್ನಿಸಿತ್ತು. ಅರ್ಧ ಕಂತು ಮಾತ್ರ ಇದ್ದವನು ಅರ್ಧ ಕೊಡಲು ನಾಚಿ ಏನೂ ಕೊಡುವುದಿಲ್ಲ, ಮುಂದಿನ ವಾರ ಬರುವುದೂ ಇಲ್ಲ. ನಾಚಿಕೆ ತೆಗೆದರೆ ಅರ್ಧವಾದರೂ ಬರುತ್ತದೆ, ಮನುಷ್ಯನೂ ಉಳಿಯುತ್ತಾನೆ. ಹಾಗಾಗಿ ಪ್ರತಿ ಭಾನುವಾರ ಸಭೆಯ ಎಲ್ಲರಿಗೂ ಒಂದೇ ಥರದ ಕವರ್. ಸಾಲ ಇರಲಿ, ಇಲ್ಲದಿರಲಿ, ಪಾಸ್ಟರೇ ಇರಲಿ, ಹೋಗುವಾಗ ಎಲ್ಲರೂ ಒಂದು ಕವರ್ ಪೆಟ್ಟಿಗೆಗೆ ಹಾಕಬೇಕು. ಒಳಗೆ ಕಂತು ಇರಬಹುದು, ಕಾಣಿಕೆ ಇರಬಹುದು, ಏನೂ ಇಲ್ಲದಿರಬಹುದು. ಹೆಸರಿಲ್ಲ, ನಂಬರಿಲ್ಲ. ಬರೆಯಲು ಸುಲಭ, ನಡೆಸಲು ಕಷ್ಟ. ಮೊದಲ ಎರಡು ತಿಂಗಳು ಜನ ಮರೆಯುತ್ತಿದ್ದರು, ಸಾಲವಿಲ್ಲದವರು "ನಮಗ್ಯಾಕೆ" ಅಂತ ತಪ್ಪಿಸಿಕೊಳ್ಳುತ್ತಿದ್ದರು. ಅವರು ತಪ್ಪಿಸಿಕೊಂಡರೆ ಕವರ್ ಹಾಕುವವರೆಲ್ಲ ಸಾಲಗಾರರು ಅಂತಾಗುತ್ತದೆ, ಇಡೀ ಉಪಾಯವೇ ಕೆಡುತ್ತದೆ. ಪಾಸ್ಟರು ಪ್ರತಿ ವಾರ ಎಲ್ಲರ ಕಣ್ಣೆದುರು ಮೊದಲ ಕವರ್ ಹಾಕತೊಡಗಿದ ಮೇಲೆ ಸರಿಹೋಯಿತು.

ಇಲ್ಲಿ ಒಂದು ಪ್ರಶ್ನೆ ನಿಮಗೆ ಬಂದೇ ಬರುತ್ತದೆ, ನಮ್ಮ ಆಡಿಟ್ ಮಾಡುವವರಿಗೂ ಬಂದಿತ್ತು. ಎಲ್ಲ ಬೆರೆತುಹೋದರೆ ಸಾಲ ಎಷ್ಟು ವಾಪಸ್ ಬಂತು ಅಂತ ಹೇಗೆ ಗೊತ್ತು? ನಿಧಿಗೆ ಕೊಡುವವರಿಗೆ ಬ್ಯಾಂಕಿನ ಮೂಲಕವೇ ಕೊಡಿ ಅಂತ ಹೇಳಿಬಿಟ್ಟಿದ್ದೇವೆ. ಆದ್ದರಿಂದ ಪೆಟ್ಟಿಗೆಯಲ್ಲಿ ಬೀಳುವುದು ಹೆಚ್ಚುಕಡಿಮೆ ಸಾಲದ ದುಡ್ಡೇ. ಕರಾರುವಾಕ್ಕಾದ ಲೆಕ್ಕ ಬೇಕು ಅನ್ನುವವರಿಗೆ ಈ ಪದ್ಧತಿ ಒಗ್ಗುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ.

ಕವರ್ ತೆರೆದು ಎಣಿಸುವವರು ಇಬ್ಬರು. ಅವರಿಗೆ ಸಾಲ ಯಾರಿಗೆ ಕೊಟ್ಟಿದೆ ಅಂತ ಗೊತ್ತಿರುವುದಿಲ್ಲ. ಮನೆಗೆ ಹೋಗಿ ಮಾತಾಡಿ ಸಾಲ ತೀರ್ಮಾನಿಸುವವರು ಬೇರೆ ಇಬ್ಬರು, ಅವರು ಪೆಟ್ಟಿಗೆ ಮುಟ್ಟುವ ಹಾಗಿಲ್ಲ. ಇದು ನನ್ನ ಸ್ವಂತ ಬುದ್ಧಿಯಲ್ಲ. ಯೆರೂಸಲೇಮಿಗೆ ಹಣ ಕಳಿಸುವಾಗ ಪೌಲನೂ ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ತನ್ನ ಜೊತೆಗೆಲಸದವನಾದ ತೀತನನ್ನೂ ಅವನ ಜೊತೆ ಇನ್ನಿಬ್ಬರನ್ನೂ ಕಳಿಸಿ, ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು ಅಂತ ಬರೆದ.

ಮನೆಗೆ ಹೋಗುವವರ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹೆಮ್ಮೆ ಪಡುತ್ತೇನೆ. ಅಪೊಸ್ತಲರ ಕೃತ್ಯಗಳು ಆರನೆಯ ಅಧ್ಯಾಯ ಎಷ್ಟೋ ಸಲ ಓದಿದ್ದೇವೆ. ಗ್ರೀಕ್ ಮಾತಾಡುವವರು ನಮ್ಮ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಸಿಗುತ್ತಿಲ್ಲ ಅಂತ ದೂರಿದರು, ಹಂಚಿಕೆ ನೋಡಿಕೊಳ್ಳಲು ಸಭೆಯವರು ಏಳು ಜನರನ್ನು ಆರಿಸಿದರು. ಆ ಏಳು ಹೆಸರು ನೋಡಿ. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ದೂರು ಕೊಟ್ಟವರ ಕಡೆಯವರ ಕೈಗೇ ಹಂಚಿಕೆ ಕೊಟ್ಟ ಹಾಗಿದೆ. ನಾವೂ ಹಾಗೇ ಮಾಡಿದೆವು. ಒಂದು ಸಲ ಸಾಲ ತೆಗೆದು ತೀರಿಸಿದವರನ್ನೇ ಭೇಟಿಗೆ ಕಳಿಸಿದೆವು. ಇದಕ್ಕೂ ಕಮಿಟಿಯಲ್ಲಿ ವಿರೋಧ ಇತ್ತು, "ಅವರೇ ಕಷ್ಟದಲ್ಲಿದ್ದವರು, ಅವರಿಗೇನು ತಿಳಿಯುತ್ತದೆ" ಅಂತ. ಅವರಿಗೇ ಎಲ್ಲ ತಿಳಿಯುತ್ತದೆ ಸ್ವಾಮಿ! ನಾನು ಒಂದು ಗಂಟೆ ಕೂತು ಕೇಳಿ ಬಂದರೂ ಗೊತ್ತಾಗದ್ದು ಅವರಿಗೆ ಬಾಗಿಲಲ್ಲೇ ಗೊತ್ತಾಗುತ್ತದೆ. ಯಾರು ಆಟ ಆಡುತ್ತಿದ್ದಾರೆ, ಯಾರು ಕೇಳಿದ್ದಕ್ಕಿಂತ ಜಾಸ್ತಿ ಬೇಕಾಗಿಯೂ ಬಾಯಿ ಬಿಡುತ್ತಿಲ್ಲ, ಎರಡೂ.

ಅವರು ಮೊದಲ ಭೇಟಿಯಲ್ಲಿ ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಉತ್ತರ ಬಾಯಿಪಾಠ ಮಾಡಿಕೊಂಡು ಬರುವವರಿದ್ದಾರೆ. ಎದುರು ಸಿಕ್ಕರೆ ಹೇಳುತ್ತೇನೆ.

ಮೊತ್ತ ಸಾಮಾನ್ಯವಾಗಿ ಅವರ ಅರ್ಧ ತಿಂಗಳ ದುಡಿಮೆಗಿಂತ ಹೆಚ್ಚಿಲ್ಲ, ಅವಧಿ ಮೂರು ತಿಂಗಳು, ವಾರದ ಕಂತು. ಈ ಅಳತೆ ಮೆಥೊಡಿಸ್ಟ್ ಪಂಗಡ ಹುಟ್ಟುಹಾಕಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯದು. ಅವರು 1746ರಲ್ಲಿ ಲಂಡನ್ನಿನಲ್ಲಿ ಇಂಥದ್ದೇ ಸಾಲದ ನಿಧಿ ಶುರು ಮಾಡಿದ್ದರು. ಒಬ್ಬರಿಗೆ ಹೆಚ್ಚೆಂದರೆ 20 ಶಿಲ್ಲಿಂಗ್, ಮೂರು ತಿಂಗಳೊಳಗೆ ವಾರವಾರ ವಾಪಸ್. ಒಂದು ವರ್ಷದಲ್ಲಿ 250 ಜನರಿಗೆ ಸಹಾಯವಾಯಿತು ಅಂತ ಅವರೇ ಬರೆದಿದ್ದಾರೆ. ನಾವು ಆರು ತಿಂಗಳ ಅವಧಿಯನ್ನೂ ನೋಡಿದೆವು. ನಾಲ್ಕನೆಯ ತಿಂಗಳ ಹೊತ್ತಿಗೆ ಹೊಸ ಕಷ್ಟವೊಂದು ಬಂದು ಹಳೆಯ ಸಾಲ ಮರೆತುಹೋಗುತ್ತದೆ. ಮೂರೇ ಸರಿ.

ಈಗ ಎಷ್ಟು ಬರುತ್ತಿದೆ ಅಂದರೆ, ಐದರಲ್ಲಿ ನಾಲ್ಕು ಪಾಲು. ಕೆಲವು ವರ್ಷ ಅದಕ್ಕಿಂತ ಸ್ವಲ್ಪ ಮೇಲೆ. ಪುಸ್ತಕ, ಸಹಿ, ಜಾಮೀನು ಎಲ್ಲ ಇದ್ದಾಗ ಅರ್ಧ, ಏನೂ ಇಲ್ಲದಾಗ ಐದರಲ್ಲಿ ನಾಲ್ಕು. ಕೂಡಿಟ್ಟ ಹಣ ವರ್ಷಕ್ಕೆ ಎರಡೂವರೆ ಸಲ ಸುತ್ತು ಹಾಕುತ್ತದೆ. ಬಾರದ ಒಂದು ಪಾಲನ್ನು ನಾವು ಯಾರಿಂದಲೂ ಕೇಳುವುದಿಲ್ಲ, ವಾಪಸ್ ನಿರೀಕ್ಷಿಸದೆ ಸಾಲ ಕೊಡಿ ಅನ್ನುವ ಲೂಕ 6:35 ಇದ್ದೇ ಇದೆ. ಆ ಕುಳಿ ತುಂಬಲು ಶುರು ಮಾಡಿದ ನಾವು ಆರೇಳು ಮನೆಯವರು ಪ್ರತಿ ವರ್ಷ ಒಂದಿಷ್ಟು ಹಾಕುತ್ತೇವೆ. ಮೊದಲು ಉಚಿತವಾಗಿ ಹಂಚಿ ಅರ್ಧ ವರ್ಷದಲ್ಲಿ ಮುಗಿಸಿದ ದುಡ್ಡಿಗೆ ಹೋಲಿಸಿದರೆ ಇದು ಬಹಳ ಕಡಿಮೆ. ಮುಖ್ಯವಾಗಿ ಸಾಲದ ಕಾರಣಕ್ಕೆ ಸಭೆ ಬಿಟ್ಟವರು ಈಗ ಇಲ್ಲವೇ ಇಲ್ಲ ಅನ್ನಬಹುದು. ಹಿಂದೆ ಬಿಟ್ಟು ಹೋದವರಲ್ಲಿ ಇಬ್ಬರು ಮರಳಿದರು. ಮುಂದಿನ ಬೆಂಚಿನವರು ಮಾತ್ರ ಬರಲಿಲ್ಲ.

ಖಾಲಿ ಕವರುಗಳನ್ನು ನಾವು ಎಣಿಸುತ್ತೇವೆ. ಇದು ಯಾರೂ ಯೋಚಿಸದ ಲಾಭ. ಖಾಲಿ ಕವರು ಒಮ್ಮೆಲೇ ಹೆಚ್ಚಿದರೆ ಎಲ್ಲೋ ಕೆಲಸ ಹೋಗಿದೆ, ಅಥವಾ ಶಾಲೆಯ ಫೀಸಿನ ಸಮಯ ಬಂದಿದೆ ಅಂತ ಅರ್ಥ. ಆಗ ಭೇಟಿಯವರು ತಾವಾಗಿಯೇ ಮನೆಗಳಿಗೆ ಹೋಗಿ ಬರುತ್ತಾರೆ, ಯಾರೂ ಬಂದು ಕೇಳುವ ತನಕ ಕಾಯುವುದಿಲ್ಲ.

ಕೆಲಸ ಮಾಡದ ಜಾಗಗಳೂ ಇವೆ. ವ್ಯಾಪಾರಕ್ಕೆ ಅಂತ ದೊಡ್ಡ ಸಾಲ ಕೊಟ್ಟದ್ದು ಹೆಚ್ಚಿನವು ಮುಳುಗಿದವು. ಮೊದಲೇ ಬಡ್ಡಿಯಲ್ಲಿ ಸಿಕ್ಕಿಕೊಂಡವರಿಗೆ ಕೊಟ್ಟರೆ ನಮ್ಮ ದುಡ್ಡು ನೇರ ಬಡ್ಡಿಯವರ ಜೇಬಿಗೆ. ಅಂಥವರಿಗೆ ಈಗ ಸಾಲ ಕೊಡುವುದಿಲ್ಲ, ಬಡ್ಡಿಯವರ ಹತ್ತಿರ ಜೊತೆಯಲ್ಲಿ ಹೋಗಿ ಕೂತು ಮಾತಾಡುತ್ತೇವೆ. ಮಾತಾಡುವುದು ಹೇಗೆ ಅನ್ನುವುದನ್ನೂ ಬರೆಯುವುದಿಲ್ಲ, ಕ್ಷಮಿಸಿ. ಕುಡಿತದ ಮನೆಗಳಲ್ಲಿ ನಗದು ಕೊಟ್ಟರೆ ಕೆಡುತ್ತದೆ, ಅದು ನಿಮಗೂ ಗೊತ್ತು. ಸಭೆಯ ಹೊರಗಿನವರಿಗೂ, ಬೇರೆ ಧರ್ಮದವರಿಗೂ ಕೊಡುತ್ತೇವೆ. ಅವರ ಕವರನ್ನು ಭೇಟಿಯವರೇ ತಂದು ಹಾಕುತ್ತಾರೆ, ಹೊರಗಿನಿಂದ ಮುಟ್ಟಿ ನೋಡುವುದೂ ಇಲ್ಲ. ಸಾಲದ ಜೊತೆ ಸುವಾರ್ತೆಯ ಕರಪತ್ರ ಇಡಬೇಕು ಅಂತ ಒಂದು ಗುಂಪು ಒತ್ತಾಯ ಮಾಡಿತ್ತು. ನಾನು ಒಪ್ಪಲಿಲ್ಲ. ಸಾಲ ಪಡೆದವನು ಬೇಡ ಅನ್ನಲಾರದ ಸ್ಥಿತಿಯಲ್ಲಿರುತ್ತಾನೆ, ಆಗ ಕೈಗಿಟ್ಟ ಕಾಗದವನ್ನು ಅವನು ಓದುವುದಿಲ್ಲ, ಸಹಿಸಿಕೊಳ್ಳುತ್ತಾನೆ. ಯಾಕೆ ಕೊಡುತ್ತೀರಿ ಅಂತ ಅವನೇ ಕೇಳಿದರೆ ಯೇಸು ಸ್ವಾಮಿಯ ಹೆಸರು ಹೇಳಲು ನಮಗೇನೂ ಸಂಕೋಚವಿಲ್ಲ.

ಇನ್ನೊಂದು ಪ್ರಯೋಗ ನಡೆಯುತ್ತಲೇ ಇದೆ, ಅದಕ್ಕೆ ಹಕ್ಕಲು, ಅಂದರೆ ಕೊಯ್ಲಾದ ಮೇಲೆ ಹೊಲದಲ್ಲಿ ಉಳಿದ ತೆನೆ, ಅಂತ ಹೆಸರಿಟ್ಟಿದ್ದೇವೆ. ಯಾಜಕಕಾಂಡ 19ರಲ್ಲಿ ಹೊಲದ ಅಂಚಿನ ತನಕ ಕೊಯ್ಯಬೇಡ, ಬಡವರಿಗೂ ಪರದೇಶಿಗೂ ಬಿಡು ಅಂತ ಇದೆ. ಬೈಬಲಿನ ಬಡ ವಿಧವೆ ರೂತಳು ಹಕ್ಕಲಾಯ್ದದ್ದು ಅದರಿಂದಲೇ. ಹೊಲ ಇಲ್ಲದ ನಮ್ಮಂಥವರ ಅಂಚು ಯಾವುದು? ಟ್ಯೂಷನ್ ಹೇಳುವವರು ಎರಡು ಜಾಗ ಖಾಲಿ ಬಿಡುತ್ತಾರೆ, ವೈರಿಂಗ್ ಕೆಲಸದವರು ತಿಂಗಳಿಗೆ ಒಂದು ದಿನ ಬಿಡುತ್ತಾರೆ. ಟ್ಯೂಷನ್ ಜಾಗಗಳು ತುಂಬಿದವು, ಚೆನ್ನಾಗಿ ನಡೆಯುತ್ತಿದೆ. ವೈರಿಂಗ್ ದಿನ ಅರ್ಧಕ್ಕರ್ಧ ಸಲ ಬೇರೆ ಕೆಲಸಕ್ಕೆ ಹೋಗಿಬಿಡುತ್ತದೆ. ಮುಂಚೆಯೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದರೆ ಉಳಿಯುತ್ತದೆ, ಸಮಯ ಸಿಕ್ಕಾಗ ಮಾಡೋಣ ಅಂದರೆ ಉಳಿಯುವುದಿಲ್ಲ.

ಶುರು ಮಾಡುವವರಿಗೆ ಒಂದು ಸಣ್ಣ ವಿಷಯ. ಕವರ್ ದಪ್ಪ ಕಾಗದದ್ದು ತನ್ನಿ, ಬೆಳಕಿಗೆ ಹಿಡಿದರೆ ಒಳಗಿನದು ಕಾಣಬಾರದು. ಪ್ರತಿ ಕವರಿನಲ್ಲೂ ಮೊದಲೇ ಒಂದು ರಟ್ಟಿನ ತುಂಡು ಹಾಕಿ ಹಂಚಿ, ಖಾಲಿಯದಕ್ಕೂ ತುಂಬಿದ್ದಕ್ಕೂ ಕೈಗೆ ವ್ಯತ್ಯಾಸ ಗೊತ್ತಾಗಬಾರದು. ನಾಣ್ಯ ಬೇಡ ಅಂತ ಮೊದಲ ದಿನವೇ ಹೇಳಿಬಿಡಿ, ಪೆಟ್ಟಿಗೆಯಲ್ಲಿ ಸದ್ದು ಮಾಡುತ್ತದೆ. ರಟ್ಟು ಮತ್ತೆ ಮತ್ತೆ ಬಳಸಬಹುದು, ನಮ್ಮದು ಮೂರು ವರ್ಷದಿಂದ ಅದೇ ಕಟ್ಟು.