ಹಳೆಯ ಸ್ಪೀಕರನ್ನು ಹೊಸದರ ಪಕ್ಕ ಇಟ್ಟು ಕೇಳಿದ್ದು

ಮಲ್ಲೇಶ್ವರದ ನಿವೃತ್ತ ಎಂಜಿನಿಯರೊಬ್ಬರು 1980ರ ದಶಕದಲ್ಲಿ ವಿದೇಶದಿಂದ ತಂದಿದ್ದ, ಎಂಟು ಇಂಚಿನ ವೂಫರ್ (ತಗ್ಗಿನ ಮತ್ತು ನಡುವಿನ ಸ್ವರ ನುಡಿಸುವ ಘಟಕ) ಉಳ್ಳ ಸ್ಪೀಕರ್ ಜೋಡಿಯನ್ನು ಕೊಂಡು ತಂದ ದಿನವೇ, ಅದನ್ನು ಮನೆಯಲ್ಲಿದ್ದ ಹೊಸ ಕಾಲದ ಚಿಕ್ಕ ಸ್ಪೀಕರ್ ಕೆಇಎಫ್ ಎಲ್‌ಎಸ್50ರ ಪಕ್ಕದಲ್ಲಿಟ್ಟು ಕೇಳಿ, ಹಳೆಯದರ ದನಿ ಹದವಾಗಿದೆ, ಕಿವಿಗೆ ಚುಚ್ಚುವುದಿಲ್ಲ ಎಂದು ತೀರ್ಪು ಕೊಟ್ಟುಬಿಟ್ಟಿದ್ದೆ. ಆ ಹದದಲ್ಲಿ ಬಹುಪಾಲು ಮುಪ್ಪಿನದೆಂದು ತಿಳಿಯಲು ಎರಡು ತಿಂಗಳು ಹಿಡಿಯಿತು.

ಜಾಲರಿ ತೆಗೆದಾಗ ವೂಫರಿನ ಅಂಚಿನ ಫೋಮ್ ಬೆರಳು ತಗುಲಿದರೆ ಉದುರುತ್ತಿತ್ತು. ಪಾಲಿಯುರೆಥೇನ್ ಫೋಮ್ ಗಾಳಿಯ ತೇವಕ್ಕೆ ಸಿಕ್ಕಿ ಹದಿನೈದಿಪ್ಪತ್ತು ವರ್ಷಗಳಲ್ಲಿ ಹೀಗಾಗುವುದು ಸಹಜ; ರಬ್ಬರ್ ಅಂಚು ಬಹಳ ಕಾಲ ಬಾಳುತ್ತದೆ. ಹಳೆಯ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ ಕೆರೆದು, ಹೊಸ ಫೋಮನ್ನು ಕೋನಿಗೆ (ಅದುರಿ ದನಿ ಹೊಮ್ಮಿಸುವ ಶಂಕುವಿಗೆ) ಅಂಟಿಸಿ, ಅದರ ಹಿಂದಿನ ತಂತಿಸುರುಳಿ ಕಾಯಿಲ್ ಎಲ್ಲಿಯೂ ಉಜ್ಜದಂತೆ 30 ಹರ್ಟ್ಸ್ ಸ್ವರವನ್ನು ಮೆಲ್ಲಗೆ ನುಡಿಸುತ್ತ ಕೋನನ್ನು ನಡುವಿಗೆ ತಂದು, ಆಮೇಲೆ ಹೊರ ಅಂಚನ್ನು ಕೂಡಿಸಿದೆ. ಮೊದಲನೆಯದು ಕೆಟ್ಟಿತು, ಬಿಚ್ಚಿ ಮತ್ತೆ ಮಾಡಿದೆ.

ಅಸಲು ವಿಷಯ ಮೇಲಿನ, ತಗ್ಗಿನ ಸ್ವರಗಳನ್ನು ಬೇರ್ಪಡಿಸಿ ಕಳಿಸುವ ಮಂಡಲವಾದ ಕ್ರಾಸ್‌ಓವರಿನಲ್ಲಿತ್ತು. ಮೇಲಿನ ಸ್ವರ ನುಡಿಸುವ ಟ್ವೀಟರಿನ ದಾರಿಯಲ್ಲಿದ್ದ, ಒಳಗೆ ದ್ರವವಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಒಣಗಿ, ಅವುಗಳ ಒಳರೋಧ ಏರಿ, ಮೇಲಿನ ಸ್ವರಗಳು ತಗ್ಗಿದ್ದವು; ನಾನು ಹದವೆಂದು ಮೆಚ್ಚಿದ್ದು ಇದನ್ನೇ. ಎಸ್.ಪಿ. ರಸ್ತೆಯಲ್ಲಿ ಹುಡುಕಿ ತಂದ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರುಗಳನ್ನು ಬೆಸೆದಾಗ ದನಿ ಅಗತ್ಯಕ್ಕಿಂತ ತುಸು ಹರಿತವಾಯಿತು, ಏಕೆಂದರೆ ಹೊಸ ಎಲೆಕ್ಟ್ರೊಲಿಟಿಕ್‌ಗೂ ಇರುವ ಅಲ್ಪ ರೋಧ ಫಿಲ್ಮ್ ಕೆಪಾಸಿಟರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅರ್ಧ ಓಮಿನ ರೆಸಿಸ್ಟರನ್ನು ಸರಣಿಯಲ್ಲಿ ಸೇರಿಸಿದ ಮೇಲೆ ಸರಿಹೋಯಿತು.

ಹೋಲಿಸುವಾಗ ಇನ್ನೊಂದು ಮೋಸವಿದೆ. ಒಂದೇ ವೋಲ್ಟೇಜಿಗೆ ಎಲ್‌ಎಸ್50 85 ಡೆಸಿಬೆಲ್ ಕೊಟ್ಟರೆ ಹಳೆಯದು 89 ಕೊಡುತ್ತದೆ, ಮತ್ತು ಜೋರಾಗಿ ಕೇಳಿದ್ದನ್ನೇ ಚೆನ್ನಾಗಿದೆಯೆಂದು ಕಿವಿ ನಂಬುತ್ತದೆ. ಮೈಕಿನಿಂದ ಅಳೆದು ಎರಡನ್ನೂ ಅರ್ಧ ಡೆಸಿಬೆಲ್ಲಿನೊಳಗೆ ಸಮ ಮಾಡಿ, ತೆಳು ಪರದೆ ಇಳಿಬಿಟ್ಟು, ವೀಣೆ ನುಡಿಸುವ ನಮ್ಮಕ್ಕನನ್ನು ಕೂರಿಸಿದೆ. “ಯಾವುದು ಹೊಸದೋ ನನಗೇನು ಗೊತ್ತು ಕಣೋ, ಆದರೆ ಇದರಲ್ಲಿ ನಾನು ಪಕ್ಕಕ್ಕೆ ಸರಿದರೂ ವೀಣೆಯ ದನಿ ಬದಲಾಗೋದಿಲ್ಲ” ಎಂದಳು. ಅದು ಎಲ್‌ಎಸ್50.

ಕಾರಣ ಸರಳ. 3,000 ಹರ್ಟ್ಸ್‌ನಲ್ಲಿ ಶಬ್ದದ ತರಂಗಾಂತರ ಸುಮಾರು 11 ಸೆಂ.ಮೀ.; ಅಲ್ಲಿಯವರೆಗೂ ದುಡಿಯುವ 20 ಸೆಂ.ಮೀ. ವೂಫರ್ ದನಿಯನ್ನು ಟಾರ್ಚಿನ ಬೆಳಕಿನಂತೆ ಮುಂದಕ್ಕೇ ಚೆಲ್ಲುತ್ತದೆ, ಆಮೇಲೆ ಟ್ವೀಟರ್ ಥಟ್ಟನೆ ಎಲ್ಲೆಡೆ ಹರಡುತ್ತದೆ. 2012ರಲ್ಲಿ ಬಂದ ಎಲ್‌ಎಸ್50ರಲ್ಲಿ ಟ್ವೀಟರ್ 13 ಸೆಂ.ಮೀ. ಕೋನಿನ ನಡುವೆಯೇ ಕುಳಿತಿರುವುದರಿಂದ ಈ ಜಿಗಿತ ಕಾಣುವುದಿಲ್ಲ. ಪಕ್ಕಕ್ಕೆ ಹೋಗುವ ದನಿಯೂ ಗೋಡೆಗೆ ತಾಗಿ ಕಿವಿಗೇ ಬರುತ್ತದೆಂಬುದರ ಮಹತ್ವವನ್ನು ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಧ್ವನಿ ಸಂಶೋಧಕ ಫ್ಲಾಯ್ಡ್ ಟೂಲ್ 1980ರ ದಶಕದಲ್ಲಿ ತೋರಿಸಿಕೊಟ್ಟರು. ನನ್ನ ಹಳೆಯ ಜೋಡಿಗೆ ಆ ತಿಳಿವಳಿಕೆ ತಲುಪಿರಲಿಲ್ಲ.

ಆದರೆ ಮೃದಂಗದ ಎಡಭಾಗದ ಗುಂಕಾರ ಹಳೆಯದರಲ್ಲೇ ತುಂಬಿ ಬರುತ್ತದೆ. ಚಿಕ್ಕ ಪೆಟ್ಟಿಗೆ, ಆಳದ ಸ್ವರ, ಹೆಚ್ಚು ದಕ್ಷತೆ, ಈ ಮೂರೂ ಒಟ್ಟಿಗೆ ಸಿಗುವುದಿಲ್ಲ. ಕೋನು ಎಷ್ಟೇ ಜಾಣತನದ್ದಾದರೂ ಭೌತಶಾಸ್ತ್ರ ಮಣಿಯುವುದಿಲ್ಲ. ಹಾಗಾಗಿ ಮನೆಯವರೆಲ್ಲ ಎಲ್ಲೆಂದರಲ್ಲಿ ಕೂರುವ ನಡುಮನೆಗೆ ಎಲ್‌ಎಸ್50 ಹೋಯಿತು. ಹಳೆಯ ಜೋಡಿ ನನ್ನ ಕೋಣೆಯಲ್ಲಿ, ಒಂದೇ ಕುರ್ಚಿಗೆ ನೇರ ಮುಖ ಮಾಡಿ ನಿಂತಿದೆ.