4 ಮತ್ತು 2ರಿಂದ 8: ಗ್ರೂಪ್ ಎಕ್ಸ್‌ಟೆನ್ಶನ್ ಕಟ್ಟೋದು ಹೇಗೆ

ಕಲಬುರಗಿಯಲ್ಲಿ ಎಂಎಸ್ಸಿ ಹುಡುಗರಿಗೆ ಬಿಸಿಲೇರುವ ಮೊದಲೇ ಆಲ್ಜಿಬ್ರಾ ಹೇಳಿ ಮುಗಿಸುತ್ತೇನೆ. ಎಕ್ಸ್‌ಟೆನ್ಶನ್ (ಚಿಕ್ಕ ಎರಡು ಗ್ರೂಪ್ ಜೋಡಿಸಿ ಕಟ್ಟಿದ ದೊಡ್ಡ ಗ್ರೂಪ್) ಅಂದರೆ ಸಾಕು, ಕೊಹೊಮಾಲಜಿ ಸೂತ್ರ ಉರು ಹೊಡೆಯಲು ಕೂರುತ್ತಾರೆ. ಅದು ಆಮೇಲೆ. ಮೊದಲು ಒಂದನ್ನು ಕೈಯಾರೆ ಕಟ್ಟಿ.

ನಾರ್ಮಲ್ ಸಬ್‌ಗ್ರೂಪ್ ಆಗಿ 4ರ, ಅಂದರೆ 4 ಎಲಿಮೆಂಟಿನ, ಸೈಕ್ಲಿಕ್ ಗ್ರೂಪ್ ಇರಬೇಕು, ಕೋಶೆಂಟ್ (ಒಳಗಿನದನ್ನೆಲ್ಲ 1 ಅಂತ ಎಣಿಸಿದರೆ ಉಳಿಯುವುದು) 2ರ ಗ್ರೂಪ್ ಆಗಬೇಕು. ಅಂಥ ಗ್ರೂಪ್ ಎಷ್ಟಿವೆ?

ಒಳಗಿನ ಜನರೇಟರ್ ಅ ಇರಲಿ, ಅ⁴ = 1. ಹೊರಗಿನ ಒಂದು ಎಲಿಮೆಂಟ್ ಆರಿಸಿ, ಅದು ತ. ಕೇಳಬೇಕಾದ್ದು ಎರಡೇ ಪ್ರಶ್ನೆ.

ತಅತ⁻¹ ಏನು? 4ರ ಸೈಕ್ಲಿಕ್ ಗ್ರೂಪಿಗೆ ಆಟೊಮಾರ್ಫಿಸಂ (ಗುಣಾಕಾರ ಕೆಡದಂತೆ ಎಲಿಮೆಂಟ್‌ಗಳನ್ನು ಅದಲುಬದಲು ಮಾಡುವ ಬಗೆ) ಎರಡೇ. ಹಾಗಾಗಿ ಉತ್ತರ ಅ, ಇಲ್ಲವೇ ಅ⁻¹.

ತ² ಏನು? ಅದು ಒಳಗೇ ಬೀಳುತ್ತದೆ. ಎಲ್ಲಿ ಅನ್ನೋದೇ ಪ್ರಶ್ನೆ. ಇಲ್ಲಿ ಅವಸರ ಬೇಡ.

ಮೊದಲು ತಅತ⁻¹ = ಅ ಅಂತಿಟ್ಟುಕೊಳ್ಳಿ. ತ ಬದಲು ತಅ ಆರಿಸಿದ್ದರೆ? (ತಅ)² = ತ²ಅ². ಅಂದರೆ ತ² = 1 ಮತ್ತು ತ² = ಅ² ಬೇರೆ ಬೇರೆಯಲ್ಲ, ಆಯ್ಕೆ ಬದಲಾಯಿತು ಅಷ್ಟೇ. ಅ, ಅ³ ಕಥೆಯೂ ಇದೇ. ಉಳಿದದ್ದು ಎರಡು: ತ² = 1 ಆದರೆ 4 ಮತ್ತು 2ರ ಡೈರೆಕ್ಟ್ ಪ್ರಾಡಕ್ಟ್, ತ² = ಅ ಆದರೆ 8ರ ಸೈಕ್ಲಿಕ್ ಗ್ರೂಪ್.

ಈಗ ತಅತ⁻¹ = ಅ⁻¹. ತ ತನ್ನ ವರ್ಗದ ಜೊತೆ ಕಮ್ಯೂಟ್ ಆಗಲೇಬೇಕಲ್ವಾ? ತ² = ಅ ಅಂದರೆ ಅ = ಅ⁻¹ ಆಗಿಬಿಡುತ್ತದೆ. ಆಗದ ಮಾತು. ಅ³ ಕೂಡ ಹೋಯಿತು. 1 ಮತ್ತು ಅ² ಉಳಿದವು. ತಅ ಆರಿಸಿದರೂ (ತಅ)² = ತ²; ತಪ್ಪಿಸಿಕೊಳ್ಳಲು ದಾರಿಯಿಲ್ಲ. 1 ಆದರೆ ಚೌಕದ ಸಿಮೆಟ್ರಿ ಗ್ರೂಪ್, ಅ² ಆದರೆ ಕ್ವಾಟರ್ನಿಯನ್ ಗ್ರೂಪ್.

ಒಟ್ಟು ನಾಲ್ಕು. 8ರ ಗ್ರೂಪ್ ಇರುವುದೇ 5. ತಪ್ಪಿಹೋದ 2×2×2ರಲ್ಲಿ ಆರ್ಡರ್ 4ರ ಎಲಿಮೆಂಟೇ ಇಲ್ಲ.

ಒಳಗಿನ ಗ್ರೂಪ್ ಅಬೇಲಿಯನ್ ಆಗಿದ್ದರೆ ಎರಡನೇ ಕೊಹೊಮಾಲಜಿ ಅಂದರೆ ಇದೇ ಲೆಕ್ಕ: ನಡೆಯುವ ಬೆಲೆಗಳಿಂದ, ಸುಮ್ನೆ ಆಯ್ಕೆಯಿಂದ ಬಂದ ವ್ಯತ್ಯಾಸ ಕಳೆಯುವುದು. ಶ್ರೈಯರ್ 1926ರಲ್ಲೇ ಈ ದಾರಿ ಹಾಕಿದ್ದರು; ಐಲೆನ್‌ಬರ್ಗ್, ಮ್ಯಾಕ್‌ಲೇನ್ 1942ರಲ್ಲಿ ಅದನ್ನು ಹೋಮಾಲಜಿಗೆ ಜೋಡಿಸಿದರು.

ಒಳಗೂ 3, ಹೊರಗೂ 3 ಇಟ್ಟು ನೋಡಿ. ತ³ = 1, ಅ, ಅ²: ಮೂರು ಎಕ್ಸ್‌ಟೆನ್ಶನ್, ಗ್ರೂಪ್ ಮಾತ್ರ ಎರಡು. "ಕೊನೀವೆರಡೂ 9ರ ಸೈಕ್ಲಿಕ್ ಅಂದ್ರ ಒಂದೇ ಅಲ್ಲೇನ್ರಿ ಸರ?" ಅಂತ ಪ್ರತಿ ಬ್ಯಾಚಲ್ಲೂ ಕೇಳುತ್ತಾರೆ. ಗ್ರೂಪ್ ಒಂದೇ. ಆದರೆ ಅ ಕದಲಬಾರದು, ಕೋಶೆಂಟಲ್ಲಿ ತ ನಿಂತ ಜಾಗವೂ ಬದಲಾಗಬಾರದು ಅಂದರೆ ಒಂದರಿಂದ ಇನ್ನೊಂದಕ್ಕೆ ಐಸೊಮಾರ್ಫಿಸಂ ಸಿಗದು. ಅದಕ್ಕೇ ಪ್ರಶ್ನೆಪತ್ರಿಕೆಯಲ್ಲಿ ಎಣಿಸಲು ಹೇಳಿದ್ದು ಎಕ್ಸ್‌ಟೆನ್ಶನ್ನೋ ಗ್ರೂಪೋ, ಅದನ್ನು ನೋಡಿಕೊಂಡೇ ಪೆನ್ನು ಹಿಡಿಯಿರಿ.